ಬಾಗಿಲಿಗಿಂತ ಅಗಲವಾದ ಡೆಕ್ಕು

ಮಹಾಬಲೇಶ್ವರ ತೀರಿಕೊಂಡು ಒಂದು ಚಳಿಗಾಲವೇ ಕಳೆದರೂ ನೀರಜಾಗೆ ಅವನ ಮೇಲಿನ ಸಿಟ್ಟು ಇಳಿದಿರಲಿಲ್ಲ. ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಕಾರವಾರದಿಂದ ಫೋನು ಮಾಡಿದವರೆಲ್ಲ ಬುದ್ಧಿ ಹೇಳಿದರು. ಅವರಿಗೇನು? ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನ ಬಾಡಿಗೆ ಕಟ್ಟಡದ ನೆಲಮಾಳಿಗೆಯಲ್ಲಿ ಗಂಡ ಕಟ್ಟಿಟ್ಟು ಹೋದ ವಿಮಾನವಾಹಕ ನೌಕೆಯ ಡೆಕ್ಕಿನ ಮರದ ಮಾದರಿಯನ್ನು ಹೊರಗೆ ಸಾಗಿಸುವ ಕರ್ಮ ಅವರಿಗೆ ಬಂದಿರಲಿಲ್ಲ.

ಈ ದೇಶದಲ್ಲಿ ಜನ ಏನನ್ನಾದರೂ ಸಹಿಸುತ್ತಾರೆ, ಬಟ್ಟೆ ಒಗೆಯುವ ಕೋಣೆಯ ತಂಟೆಗೆ ಹೋದರೆ ಮಾತ್ರ ಸಹಿಸುವುದಿಲ್ಲ. ಇಡೀ ಕಟ್ಟಡಕ್ಕೆ ಒಂದೇ ಕೋಣೆ; ಮುಂಚೆಯೇ ಸರದಿ ಹಿಡಿದು, ಹೇಳಿದ ಹೊತ್ತಿಗೆ ಬಂದು, ಹೇಳಿದ ಹೊತ್ತಿಗೆ ಜಾಗ ಬಿಡಬೇಕು. ಮಹಾಬಲೇಶ್ವರ ವಾರವಾರವೂ ಸರದಿ ಹಿಡಿಯುತ್ತಿದ್ದ, ಆದರೆ ಬಟ್ಟೆ ಒಗೆಯುತ್ತಿರಲಿಲ್ಲ. ಪಕ್ಕದ ಒಣಗಿಸುವ ಕೋಣೆಯಲ್ಲಿ ಪ್ಲೈವುಡ್ಡಿಗೆ ಉಪ್ಪುಕಾಗದ ಉಜ್ಜುತ್ತಿದ್ದ. ಮಾರನೆಯ ದಿನ ಯಾರದೋ ಬಿಳಿ ಹೊದಿಕೆಯ ಮೇಲೆಲ್ಲ ಮರದ ಹುಡಿ. ಬಾಗಿಲ ಮೇಲೆ ನೆರೆಯವರ ದೂರಿನ ಚೀಟಿಗಳು ಬೀಳುತ್ತಿದ್ದವು, ಒಂದೊಂದರ ಕೊನೆಗೂ ನಗುವ ಮುಖ. ಆ ನಗುಮುಖ ಕಂಡರೆ ನೀರಜಾಗೆ ಮೈಯೆಲ್ಲ ಉರಿಯುತ್ತಿತ್ತು.

ಹಗಲೆಲ್ಲ ಅವನಿಗೆ ಜೆಟ್ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ. ಮನೆಗೆ ಬಂದ ಮೇಲಾದರೂ ಎಂಜಿನ್ ಬಿಡಬೇಕಲ್ಲ? ಬಿಡಲಿಲ್ಲ. ಅವನ ಅಪ್ಪ ನೌಕಾಪಡೆಯ ಮೆಕ್ಯಾನಿಕ್. ಗೋವಾದಲ್ಲೂ ಆಮೇಲೆ ವಿಕ್ರಾಂತ್ ಹಡಗಿನ ಮೇಲೂ ಸೀ ಹಾಕ್ ಎಂಬ ಫೈಟರ್ ಜೆಟ್‌ಗಳ ಹೊಟ್ಟೆಯೊಳಗೆ ಕೈ ಹಾಕಿ ದುಡಿದವರು. ಆ ಕೈಗಳಿಗೆ ಸೀಮೆಎಣ್ಣೆಯ ವಾಸನೆ ಇರುತ್ತಿತ್ತು ಎಂದು ಮಹಾಬಲೇಶ್ವರ ಊಟದ ತಟ್ಟೆಯ ಮುಂದೆ ಕೂತು ಹೇಳುತ್ತಿದ್ದ. ಅಪ್ಪ ಕೆಲಸ ಮಾಡಿದ ಡೆಕ್ಕನ್ನು ಮಗಳು ಶ್ರಾವಣಿಗೆ ತೋರಿಸಬೇಕು ಎಂಬುದು ಅವನ ಹಟ. ಶ್ರಾವಣಿ ಇಲ್ಲೇ ಬೆಳೆದವಳು. ಅಜ್ಜನೆಂದರೆ ಅವಳಿಗೆ ಗೋಡೆಯ ಮೇಲಿನ ಒಂದು ಫೋಟೊ, ಅಷ್ಟೇ.

ತೋರಿಸಲಿ, ಬೇಡ ಅಂದವರು ಯಾರು? ಆದರೆ ಅದಕ್ಕೆ ನೀರಜಾಳ ಯೋಗದ ಚಾಪೆ ಯಾಕೆ ಬೇಕಿತ್ತು? ಜೆಟ್‌ಗಳನ್ನು ಹಡಗಿನ ಮೇಲೆ ಇಳಿಸಲು ಕಲಿಯುತ್ತಿದ್ದ ಮೊದಲ ವರ್ಷಗಳಲ್ಲಿ ಬ್ರಿಟಿಷರು ಚಕ್ರವಿಲ್ಲದ ವಿಮಾನವನ್ನು ರಬ್ಬರಿನ ಹಾಸಿನ ಮೇಲೆ ಹೊಟ್ಟೆಯಡಿಯಾಗಿ ಇಳಿಸಿ ನೋಡಿದ್ದರಂತೆ. ಅದನ್ನು ತೋರಿಸಲು ಚಾಪೆಗೆ ಕತ್ತರಿ ಬಿತ್ತು.

"ಇಳಿದ ಮೇಲೆ ಚಕ್ರ ಇಲ್ಲದೆ ಅದನ್ನ ಆಚೆ ಹೇಗ್ರೀ ತಳ್ತಾರೆ?" ಎಂದು ಅವಳು ಕೇಳಿದ್ದಳು.

"ಅದೇ ಪ್ರಾಬ್ಲಮ್ಮು! ಕ್ರೇನ್‌ನಲ್ಲಿ ಎತ್ತಬೇಕು. ಅದಕ್ಕೇ ಆ ಐಡಿಯಾ ಬಿಟ್ಬಿಟ್ರು."

"ಅವ್ರು ಬಿಟ್ರು. ನೀವು ನನ್ನ ಚಾಪೆ ಕತ್ತರಿಸಿದ್ರಿ."

ಎದೆನೋವು ಕಾಣಿಸಿಕೊಂಡ ಮೇಲೂ ಅವನು ನೆಲಮಾಳಿಗೆಗೆ ಇಳಿಯುವುದನ್ನು ಬಿಡಲಿಲ್ಲ. ಡೆಕ್ಕು ಮುಗಿಯಿತು. ಮುಗಿದ ವಾರವೇ ಅವನೂ ಮುಗಿದ.

ಈಗ ಕಟ್ಟಡದವರು ಗಡುವು ಕೊಟ್ಟಿದ್ದರು: ಸೋಮವಾರದೊಳಗೆ ತೆಗೆಯದಿದ್ದರೆ ಒಡೆದು ಕಸಕ್ಕೆ. ಊರಾಚೆಯ ಹಳೇ ವಿಮಾನಗಳ ಹವ್ಯಾಸಿ ಸಂಘದವರು ತಮ್ಮ ಶೆಡ್ಡಿನಲ್ಲಿ ಇಟ್ಟುಕೊಳ್ಳಲು ಒಪ್ಪಿದ್ದರು. ಭಾನುವಾರ ಬೆಳಿಗ್ಗೆ ಮಹಾಬಲೇಶ್ವರನ ಸಹೋದ್ಯೋಗಿ ಸುದರ್ಶನ್ ಕಾರಿಗೆ ಬಾಡಿಗೆಯ ಟ್ರೇಲರ್ ಕಟ್ಟಿಕೊಂಡು ಬಂದ. ಮೂವರೂ ಡೆಕ್ಕನ್ನು ಎತ್ತಿ ಬಾಗಿಲಿಗೆ ಹಿಡಿದರು. ಹೋಗಲಿಲ್ಲ. ಮಗ್ಗುಲಾಗಿಸಿದರು, ತಲೆಕೆಳಗು ಮಾಡಿದರು. ಆಗಲೂ ಹೋಗಲಿಲ್ಲ.

ನೀರಜಾ ನೆಲದ ಮೇಲೇ ಕೂತುಬಿಟ್ಟಳು. "ಹಡಗಿನ ಲಿಫ್ಟು ಸಣ್ಣದು, ಅದಕ್ಕೇ ವಿಮಾನದ ರೆಕ್ಕೆ ಮಡಚ್ತಾರೆ ಅಂತ ಊರಿಗೆಲ್ಲ ಪಾಠ ಮಾಡಿದ ಮನುಷ್ಯ! ಈ ಬಾಗಿಲು ಅಳೀಲಿಲ್ವಲ್ಲ!"

"ಅತ್ತಿಗೆ, ಗರಗಸ ತಂದಿದೀನಿ. ನಡುವೆ ಒಂದು ಕಟ್ ಹಾಕಿದ್ರೆ..." ಎಂದ ಸುದರ್ಶನ್.

"ಅಂಕಲ್, ಸ್ನೆಲ್ಲಾ, ಬೇಡ," ಎಂದಳು ಶ್ರಾವಣಿ. ಗೋಗರೆಯುವಾಗ ಅವಳ ಬಾಯಿಗೆ ಸ್ವೀಡಿಷ್ ಮಾತೇ ಬರುತ್ತಿತ್ತು. ಡೆಕ್ಕಿನ ಅಡಿಗೆ ನುಸುಳಿ ಫೋನಿನ ಬೆಳಕು ಬಿಟ್ಟಳು. "ಅಮ್ಮಾ, ಈ ಸೈಡ್ ಪೀಸ್‌ಗೆ ಬೇರೆ ಸ್ಕ್ರೂ ಇದೆ. ಇಟ್ಸ್ ಸೆಪರೇಟ್."

ಆಗ ನೀರಜಾಗೆ ನೆನಪಾಯಿತು. ಅವನು ಬಾಗಿಲನ್ನು ಅಳೆದಿದ್ದ. ಮೊದಲು ಕಟ್ಟಿದ್ದು ಉದ್ದನೆಯ ನೇರ ಡೆಕ್ಕು, ಅಳತೆಗೆ ಸರಿಯಾಗಿಯೇ ಇತ್ತು. ಆಮೇಲೆ ಒಂದು ಸಂಜೆ, "ಅಪ್ಪನ ಹಡಗಿನದು ಓರೆ ಡೆಕ್ಕು ಕಣೇ, ಇದು ಸುಳ್ಳಾಗತ್ತೆ" ಎಂದು ಎಡಬದಿಗೆ ಚಾಚುವ ಈ ತುಂಡನ್ನು ಸೇರಿಸಿದ್ದ. ಗೊಣಗುತ್ತ ಟಾರ್ಚು ಹಿಡಿದು ನಿಂತಿದ್ದವಳು ತಾನೇ.

ಸ್ಕ್ರೂ ಬಿಚ್ಚಿದರು. ಡೆಕ್ಕು ಚೌಕಟ್ಟಿಗೆ ಸವರಿಕೊಂಡು ಹೊರಗೆ ಹೋಯಿತು. ಟ್ರೇಲರ್ ತುಂಬಿತು.

"ಈ ತುಂಡು ಇಲ್ಲೇ ಬಿಡೋಣ ಅತ್ತಿಗೆ, ಜಾಗ ಇಲ್ಲ," ಎಂದ ಸುದರ್ಶನ್. "ಅದಿಲ್ದೆ ಹೋದ್ರೂ ಹಡಗು ಹಡಗೇ ತಾನೆ? ಯಾರಿಗೆ ಗೊತ್ತಾಗತ್ತೆ?"

"ಯಾರಿಗೆ ಗೊತ್ತಾಗತ್ತೆ?" ನೀರಜಾ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಏನಪ್ಪಾ, ಅಷ್ಟು ವರ್ಷ ಅವ್ರ ಜೊತೆ ಕೂತು ಬರೀ ಕಾಫಿ ಕುಡಿದ್ಯಾ? ಹಳೇ ಜೆಟ್ ಎಂಜಿನ್ನು ಬೇಕು ಅಂದಾಗ ಬೇಗ ಪವರ್ ಏರಿಸಲ್ಲ. ಪೈಲಟ್ ಪವರ್ ಕಮ್ಮಿ ಮಾಡಿ ಇಳಿದ, ವಿಮಾನದ ಬಾಲದ ಕೊಕ್ಕೆ ಡೆಕ್ಕಿಗೆ ಅಡ್ಡ ಕಟ್ಟಿರೋ ತಂತಿಗೆ ಸಿಗ್ಲಿಲ್ಲ ಅನ್ನು. ನೇರ ಡೆಕ್ಕಾದ್ರೆ ಎದುರಿಗೆ ತಡೆಯೋಕೆ ಕಟ್ಟಿರೋ ಬಲೆ, ಬಲೆ ಆಚೆ ನಿಲ್ಲಿಸಿರೋ ವಿಮಾನಗಳು, ಜನ. ಹೋಗ್ತಾನೆ, ಗುದ್ತಾನೆ. ಓರೆ ಡೆಕ್ಕಿದ್ರೆ ಇಳಿಯೋ ದಾರಿ ಎಡಕ್ಕೆ ವಾಲಿರತ್ತೆ, ಎದುರಿಗೆ ಬರೀ ಸಮುದ್ರ. ಅದಕ್ಕೇ ಚಕ್ರ ತಾಗಿದ ತಕ್ಷಣ ಫುಲ್ ಪವರ್ ಕೊಡ್ತಾನೆ. ತಂತಿ ಸಿಕ್ರೆ ನಿಲ್ತಾನೆ, ಸಿಗ್ದಿದ್ರೆ ಮತ್ತೆ ಹಾರ್ತಾನೆ, ಸುತ್ತು ಹೊಡೆದು ಬರ್ತಾನೆ."

ಅಷ್ಟೂ ಹೇಳಿ ಮುಗಿಸಿದ ಮೇಲೆ, ತಾನು ಏನು ಹೇಳಿದೆ ಎಂಬುದು ಅವಳಿಗೇ ಕೇಳಿಸಿದಂತಾಯಿತು. ಇಷ್ಟು ವರ್ಷ ಸಾರು ಬಡಿಸುತ್ತ, ಹೂಂ ಹೂಂ ಎನ್ನುತ್ತ, ಕೇಳಲೇ ಇಲ್ಲ ಎಂದುಕೊಂಡಿದ್ದಳು.

ಶ್ರಾವಣಿ ತುಂಡಿನ ಅಂಚಿನ ಬಿಳಿ ಗೆರೆಯ ಮೇಲೆ ಬೆರಳಾಡಿಸಿದಳು. "ಅಜ್ಜ ಎಲ್ಲಿ ನಿಲ್ತಿದ್ರು ಅಮ್ಮಾ?"

ನೀರಜಾ ಟ್ರೇಲರಿನಲ್ಲಿದ್ದ ಡೆಕ್ಕಿನ ಬಲಬದಿಯ ಸಣ್ಣ ಗೋಪುರವನ್ನು ತೋರಿಸಿದಳು. "ಅದರ ಹಿಂದೆ. ವಿಮಾನ ನಿಂತ ಮೇಲೆ ಓಡಿ ಬರ್ತಿದ್ರಂತೆ."

ತುಂಡನ್ನು ಯಾರ ಕೈಗೂ ಕೊಡದೆ ಕಾರಿನ ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡಳು. ಅದರ ತುದಿ ಗದ್ದಕ್ಕೆ ಒತ್ತುತ್ತಿತ್ತು, ಸೀಟುಬೆಲ್ಟು ಹಾಕಲು ಬರುತ್ತಿರಲಿಲ್ಲ, ಸೀರೆಗೆಲ್ಲ ಬೂದು ಬಣ್ಣದ ಪುಡಿ. ಅಡಿಯಲ್ಲಿ ಏನೋ ಮೆತ್ತಗೆ ತಾಗಿತು. ತಿರುಗಿಸಿ ನೋಡಿದರೆ ಅಲುಗಾಡದಿರಲೆಂದು ಒತ್ತು ಕೊಟ್ಟಿದ್ದ ನೇರಳೆ ರಬ್ಬರು. ಅವಳ ಯೋಗದ ಚಾಪೆಯಲ್ಲಿ ಮಿಕ್ಕಿದ್ದು.

"ಇದನ್ನೂ ಬಿಡ್ಲಿಲ್ಲ ನೋಡು," ಎಂದು ಬೈದುಕೊಂಡೇ ಅವಳು ತುಂಡನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. "ನಿಧಾನಕ್ಕೆ ಓಡ್ಸು ಸುದರ್ಶನ್. ಹಂಪ್ ಬಂದ್ರೆ ಹೇಳು."