ಸ್ಪೀಕರ್ ಪೆಟ್ಟಿಗೆಯ ಅಂಟು

ಅಕ್ಕನ ಕಿವಿ ಮಂದವಾಗುತ್ತಿದೆ ಎಂಬುದು ನನಗೆ ತಿಳಿದದ್ದೇ ತಡವಾಗಿ. ಬೆಳಗಿನ ಸಂಗೀತ ಬರುವಾಗ ರೇಡಿಯೋದ ಮೇಲೆ ಅಂಗೈ ಊರಿಕೊಂಡು ನಿಲ್ಲುತ್ತಿದ್ದಳು. ಯಾಕೆಂದು ಕೇಳಿದರೆ, “ಕೈಗೂ ಒಂದಿಷ್ಟು ಕೇಳಿಸುತ್ತೆ ಕಣೋ” ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಮದ್ದೂರಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ಶಬ್ದವೆಂದರೆ ಕಂಪನ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದ ಮೇಷ್ಟ್ರು ನಾನು. ಮನೆಗೆ ಬಂದರೆ ಆ ಪಾಠ ನೆನಪಿರುತ್ತಿರಲಿಲ್ಲ.

ಅಕ್ಕ ನನಗಿಂತ ಹದಿನೈದು ವರ್ಷ ದೊಡ್ಡವಳು. ಹನ್ನೆರಡಕ್ಕೆ ಮದುವೆಯಾಗಿ, ಹದಿನಾಲ್ಕಕ್ಕೆ ಗಂಡನನ್ನು ಕಳೆದುಕೊಂಡು ಮಂಡ್ಯದ ನಮ್ಮ ಮನೆಗೆ ವಾಪಸು ಬಂದವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳೂ ಅವಳೇ. ಒದ್ದೆ ಬಟ್ಟೆ, ಮಡಿ, ದೇವರ ಗೂಡು, ಒಲೆ, ಇಷ್ಟರಲ್ಲೇ ಅವಳ ಬದುಕು. ಅದರ ನಡುವೆ ದಿನಕ್ಕೆ ಅರ್ಧ ಗಂಟೆ ಬೆಳಗಿನ ಸಂಗೀತವೊಂದೇ ಅವಳು ತನಗೆಂದು ಇಟ್ಟುಕೊಂಡಿದ್ದ ಸುಖ. ಅದೂ ಕೈತಪ್ಪುತ್ತಿದೆ ಎಂದಾಗ ನನಗೆ ತಡೆಯಲಾಗಲಿಲ್ಲ. ಡಾಕ್ಟರು ನರ ಸೋತಿದೆ ಎಂದು ಕೈ ಚೆಲ್ಲಿದ್ದರು. ಸರಿ, ದೊಡ್ಡ ಸ್ಪೀಕರ್ ಇಟ್ಟು ಒಂದು ಪೆಟ್ಟಿಗೆ ಮಾಡಿಯೇ ಬಿಡೋಣ ಎಂದು ಹೊರಟೆ.

ಮರಗೆಲಸ ನನಗೆ ಬಾರದು. ಬರುತ್ತಿದ್ದದ್ದು ಹನಕೆರೆಯ ನನ್ನ ಗೆಳೆಯನಿಗೆ. ಒಕ್ಕಲು ಮನೆಯವನು, ನನ್ನ ಜೊತೆ ಓದಿದವನು, ಪಂಪ್‌ಸೆಟ್ ರಿಪೇರಿ ಅವನ ಉದ್ಯೋಗ. ಟೀ ಪೆಟ್ಟಿಗೆಯ ಪ್ಲೈವುಡ್ಡನ್ನು ಎರಡು ಪದರ ಸೇರಿಸಿ ಅವನು ಮೊಣಕಾಲೆತ್ತರದ ಪೆಟ್ಟಿಗೆ ಜೋಡಿಸಿದ. ನೋಡಲು ಕೋಳಿಗೂಡಿನ ಹಾಗಿತ್ತು. ಅದರ ಮೇಲೆ ಹೊದಿಸಲು ಮೈಸೂರಿನಿಂದ ತೇಗದ ವೆನೀರು ತಂದೆ. ಹಪ್ಪಳದಷ್ಟು ತೆಳ್ಳಗಿನ ಹಾಳೆ, ಹಿಡಿದರೆ ಮುರಿಯುವಂಥದ್ದು.

ಅಂಟು ಅವನೇ ತಂದಿದ್ದ. ಬಡಗಿಗಳು ಮರವಜ್ರ ಅನ್ನುತ್ತಾರೆ, ದನದ ಚರ್ಮ, ಮೂಳೆ ಬೇಯಿಸಿ ತೆಗೆದದ್ದು. ಡಬ್ಬಿಯಲ್ಲಿ ಬರುವ ಬಿಳಿ ಅಂಟು ಆಗದೇ ಎಂದು ಕೇಳಿದೆ. “ಅದು ಆರಾಕೆ ದಿನ ಬೇಕು ಕಣ್ಲಾ. ವಜ್ರ ಆದ್ರೆ ಇಸ್ತ್ರಿ ಬಿಸಿಗೇ ಕಚ್ಕತದೆ” ಎಂದ. ಹಿತ್ತಲಲ್ಲಿ ಇದ್ದಿಲ ಒಲೆಯ ಮೇಲೆ ಬಿಸಿನೀರಿನ ಪಾತ್ರೆ, ಅದರೊಳಗೆ ಅಂಟಿನ ಡಬ್ಬಿ. ಕಬ್ಬು ಅರೆಯುವ ಕಾಲ, ಊರಿಗೆ ಊರೇ ಕಾಕಂಬಿ ನಾತ ಹೊಡೆಯುತ್ತಿತ್ತು. ಆದರೂ ಅಕ್ಕನ ಮೂಗಿಗೆ ಇದು ಬೇರೆಯದೆಂದು ಗೊತ್ತಾಯಿತು. ಬಾಗಿಲಿಗೆ ಬಂದು, “ಏನೋ ಅದು, ಕೆಟ್ಟ ವಾಸನೆ?” ಎಂದಳು.

“ಮರದ ಅಂಟು ಅಕ್ಕ!” ಎಂದು ಕೂಗಿದೆ. “ಮರದಿಂದ ಇಳಿಸಿದ್ದು!”

“ಮರಕ್ಕೆ ಮರದ್ದೇ ಅಂಟು. ಹಾಗಾದರೆ ಮೈಲಿಗೆ ಏನೂ ಇಲ್ಲ” ಎಂದು ಒಳಗೆ ಹೋದಳು.

ಗೆಳೆಯ ಬ್ರಷ್ಷು ಹಿಡಿದವನು ಹಾಗೇ ನಿಂತ. “ಯಾಕ್ಲಾ ಸುಳ್ಳೇಳ್ದೆ? ನಾಳೆ ಗೊತ್ತಾದ್ರೆ?”

“ಯಾರು ಹೇಳ್ತಾರೆ? ಸುಮ್ನಿರು.”

ಪೆಟ್ಟಿಗೆಗೆ ಅಂಟು ಬಳಿದು, ಹಾಳೆ ಹಾಸಿ, ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಆಡಿಸಿದೆವು. “ನಡುವಿಂದ ಅಂಚಿಗೆ ತಳ್ಳು, ಬ್ಯಾಗ ಬ್ಯಾಗ, ಆರೋಯ್ತದೆ” ಎಂದು ಅವನು ಗದರುತ್ತಲೇ ಇದ್ದ. ಆರಿದ ಮೇಲೆ ಇಬ್ಬರೂ ಬೆರಳ ಗೆಣ್ಣಿನಿಂದ ಕುಟ್ಟಿ ಕುಟ್ಟಿ, ಎಲ್ಲೂ ಟೊಳ್ಳಿಲ್ಲ ಎಂದು ತೀರ್ಮಾನಿಸಿದೆವು. ಅಕ್ಕ ಬಂದು ಅಂಗೈಯಿಂದ ಪೆಟ್ಟಿಗೆಯನ್ನು ಒಂದು ಸಲ ಮೆಲ್ಲಗೆ ಸವರಿದಳು. ಒಂದು ಮೂಲೆಯಲ್ಲಿ ಕೈ ನಿಂತಿತು. “ಇಲ್ಲಿ ಕೂತಿಲ್ಲ” ಎಂದಳು. ಕುಟ್ಟಿ ನೋಡಿದರೆ ನಿಜ. ಗೆಳೆಯ ಬ್ಲೇಡಿನಿಂದ ಅಲ್ಲಿ ಸೀಳಿ, ಅಂಟು ತುಂಬಿ, ಮತ್ತೆ ಇಸ್ತ್ರಿ ಒತ್ತಿದ. “ಅಕ್ಕಾವ್ರ ಕೈಗೆ ಕಿವಿ ಅವೆ ಕಣ್ಲಾ” ಎಂದ. ಆ ಮಾತನ್ನೂ ನಾನು ನಗುತ್ತಲೇ ಕೇಳಿದೆ.

ರೇಡಿಯೋ ಹಜಾರದಲ್ಲೇ ಇತ್ತು. ಸ್ಪೀಕರ್ ಕೂರಿಸಿ, ತಂತಿ ಎಳೆದು ಪೆಟ್ಟಿಗೆಯನ್ನು ದೇವರ ಗೂಡಿನ ಪಕ್ಕ ಇಟ್ಟೆವು. ಅಕ್ಕ ದಿನಾ ಸ್ನಾನ ಮಾಡಿ, ಮಡಿಯಲ್ಲೇ ಅದರ ಪಕ್ಕ ಕೂತು, ಅಂಗೈ ಇಟ್ಟು, ಕಣ್ಣು ಮುಚ್ಚಿಕೊಂಡು ಕೇಳುವಳು. ಆಮೇಲೆ ಎದ್ದು ಅದೇ ಕೈಯಲ್ಲಿ ನೈವೇದ್ಯಕ್ಕೆ ಅನ್ನ ಮಾಡುವಳು. ಅವಳ ಮುಖ ಅಷ್ಟು ಗೆಲುವಾಗಿದ್ದುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಕೆಡಿಸಿದ್ದು ನನ್ನ ನಾಲಿಗೆ. ಹಿತ್ತಲ ಗೂಡಿನಲ್ಲಿ ಒಂದು ಲೋಟ ಇರುತ್ತಿತ್ತು, ನಮ್ಮವರಲ್ಲದವರಿಗೆ ಕಾಫಿ ಕೊಡಲು. ಕುಡಿದವರೇ ತೊಳೆದು ಬೋರಲು ಹಾಕಬೇಕು. ಗೆಳೆಯನಿಗೆ ಚಕ್ಕುಲಿ ಬೊಗಸೆ ತುಂಬ ಸುರಿಯುತ್ತಿದ್ದ ಅಕ್ಕ, ಕಾಫಿಯನ್ನು ಮಾತ್ರ ಆ ಲೋಟಕ್ಕೇ ಎತ್ತಿ ಹೊಯ್ಯುತ್ತಿದ್ದಳು. ಒಂದು ಭಾನುವಾರ ಅವನು ಲೋಟ ತೊಳೆಯಲು ಬಗ್ಗಿದ್ದನ್ನು ಕಂಡು ನನಗೆ ನೆತ್ತಿಗೇರಿತು. ಕೋಪ ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ.

“ನೀನು ದಿನಾ ಕೈಯಿಟ್ಟುಕೊಂಡು ಕೂರುತ್ತೀಯಲ್ಲ, ಆ ಪೆಟ್ಟಿಗೆ, ಅದನ್ನು ಅಂಟಿಸಿರೋದು ದನದ ಚರ್ಮ ಕುದಿಸಿ!” ಎಂದು ಕಿರುಚಿದೆ.

ಅಕ್ಕನಿಗೆ ಕೇಳಿಸಲಿಲ್ಲ. “ಏನಂದೆ?” ಎಂದು ಕಿವಿಗೆ ಕೈ ಆನಿಸಿ ಹತ್ತಿರ ಬಂದಳು. ಗೆಳೆಯ ನನ್ನ ರಟ್ಟೆ ಹಿಡಿದು, “ಬ್ಯಾಡ ಕಣ್ಲಾ” ಎಂದ. ನಾನು ಅವಳ ಕಿವಿಯ ಬಳಿ ಬಗ್ಗಿ, ಒಂದೊಂದೇ ಪದ ಬಿಡಿಸಿ, ಇನ್ನೊಂದು ಸಲ ಹೇಳಿದೆ. ಮೊದಲನೆಯದು ಸಿಟ್ಟು ಅನ್ನಬಹುದು. ಎರಡನೆಯದಕ್ಕೆ ನನ್ನ ಬಳಿ ಇವತ್ತಿಗೂ ಹೆಸರಿಲ್ಲ.

ಅವಳು ತನ್ನ ಅಂಗೈಯನ್ನು ನೋಡಿಕೊಂಡಳು. ಬಚ್ಚಲಿಗೆ ಹೋಗಿ ತಣ್ಣೀರು ಸುರಿದುಕೊಂಡಳು. ಕೊಡದ ಮೇಲೆ ಕೊಡ ಸುರಿಯುವ ಸದ್ದು ಬಹಳ ಹೊತ್ತು ಬರುತ್ತಿತ್ತು.

ಗೆಳೆಯ ಸೈಕಲ್ ಹತ್ತುವ ಮುಂಚೆ, “ನಂಗೋಸ್ಕರ ಅಂದೆ ಅಂತ ಏಳ್ಬ್ಯಾಡ. ಆ ಲೋಟ ನಂಗೂ ಉರೀತಿತ್ತು. ಅದ್ನ ಏಳ್ಬೇಕಾದೋನು ನಾನು. ನೀನು ನಿನ್ ಸಿಟ್ಟಿಗೆ ನನ್ನ ಕೋಲು ಮಾಡ್ಕಂಡೆ” ಎಂದ. ಆಮೇಲೆ ಅವನು ನಮ್ಮ ಮನೆಗೆ ಬರಲೇ ಇಲ್ಲ.

ಎರಡು ದಿನ ಉಪವಾಸವಿದ್ದು, ಮೂರನೆಯ ಬೆಳಿಗ್ಗೆ ಅಕ್ಕ ಎಂದಿನಂತೆ ಬಂದು ಪೆಟ್ಟಿಗೆಯ ಪಕ್ಕ ಕೂತಳು. ನಡುವೆ ಒಂದು ಮೊಳ ಜಾಗ. ಕೈಗಳೆರಡೂ ಸೆರಗಿನೊಳಗೆ. “ಹಾಕೋ, ಹೊತ್ತಾಯಿತು” ಎಂದಳು. ನನಗೆ ಜೀವ ಬಂದ ಹಾಗಾಯಿತು. ಕ್ಷಮಿಸಿದಳು ಎಂದುಕೊಂಡೆ. ದಿನಾ ಹಾಕುತ್ತಿದ್ದೆ, ಅವಳು ದಿನಾ ತಲೆದೂಗುತ್ತಿದ್ದಳು. ಮಳೆಗಾಲ ಕಳೆಯುವವರೆಗೂ ಹೀಗೇ ನಡೆಯಿತು.

ಒಂದು ಬೆಳಿಗ್ಗೆ ಹಾಡಿನ ನಡುವೆ ಕರೆಂಟು ಹೋಯಿತು. ನಾನು ಮುಖಕ್ಷೌರ ಮಾಡಿಕೊಳ್ಳುತ್ತಿದ್ದವನು, ಅಕ್ಕನಿಗೆ ಹೇಳೋಣ ಎಂದು ಒಳಗೆ ಹೋದೆ. ಪೆಟ್ಟಿಗೆ ಸತ್ತಂತಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡು ತಲೆದೂಗುತ್ತಿದ್ದಳು. ಸೆರಗಿನೊಳಗೆ ಬೆರಳುಗಳು ತೊಡೆಯ ಮೇಲೆ ತಾಳ ಹಾಕುತ್ತಿದ್ದವು. ಕಣ್ಣು ಬಿಟ್ಟು ನನ್ನನ್ನು ಕಂಡವಳೇ, “ಇವತ್ತು ಬಹಳ ಚೆನ್ನಾಗಿ ಬರ್ತಿದೆ ಕಣೋ” ಎಂದಳು.

ಎಷ್ಟು ತಿಂಗಳಿಂದ ಅವಳಿಗೆ ಹಾಡು ಒಂದಿಷ್ಟೂ ಕೇಳಿಸುತ್ತಿರಲಿಲ್ಲವೋ! ಅವಳು ಕೇಳುತ್ತಿದ್ದದ್ದು ಕೈಯಲ್ಲಿ, ಆ ಕೈಯನ್ನು ನಾನು ಕಿತ್ತುಕೊಂಡಿದ್ದೆ. ನನ್ನ ಮನಸ್ಸು ನೋಯಬಾರದೆಂದು ಸುಮ್ಮನೆ ಕೂತು ತಲೆಯಾಡಿಸುತ್ತಿದ್ದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ ಎನ್ನುತ್ತಾರೆ. ಬರುತ್ತದೆಯೋ ಏನೋ ನೋಡೋಣ ಎಂದು ನಾನು ಅದಕ್ಕೂ ಹೊರಟೆ. ಪೆಟ್ಟಿಗೆಯನ್ನು ಹಿತ್ತಲಿಗೆ ಒಯ್ದು, ಬಿಸಿನೀರಿನ ಬಟ್ಟೆ ಹೊದಿಸಿ, ವೆನೀರನ್ನು ಸಿಪ್ಪೆಯಂತೆ ಸುಲಿದು ಹಾಕಿದೆ. ಹಳೆಯ ಪ್ಲೈವುಡ್ಡನ್ನೂ ಒಲೆಗೆ ಹಾಕಿ, ಗೆಳೆಯ ಮಾಡಿದ್ದನ್ನು ನೋಡಿದ ನೆನಪಿನ ಮೇಲೆ ಹೊಸದಾಗಿ ಪೆಟ್ಟಿಗೆ ಜೋಡಿಸಿದೆ. ಹೊಸ ಹಾಳೆಯನ್ನು ಬಿಳಿ ಅಂಟಿನಿಂದ ನಾನೊಬ್ಬನೇ ಅಂಟಿಸಿದೆ. ಇಡೀ ಭಾನುವಾರ ಅದರ ಮೇಲೆ ಒರಳಿನ ಗುಂಡು ಹೇರಿದ್ದೆ. ಅಲ್ಲಲ್ಲಿ ಗುಳ್ಳೆ ಎದ್ದವು.

ಅದನ್ನು ಅವಳ ಮುಂದಿಟ್ಟು, ಅಂಟಿನ ಡಬ್ಬಿಯನ್ನೂ ತೋರಿಸಿ, ಕಿವಿಯ ಬಳಿ ಬಗ್ಗಿ ಕೂಗಿದೆ: “ಹೊಸದು ಅಕ್ಕ. ಇದರಲ್ಲಿ ಚರ್ಮ ಇಲ್ಲ, ಏನೂ ಇಲ್ಲ. ಕೈಯಿಡು.”

ಅಕ್ಕ ಪೆಟ್ಟಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ಮುಖದಲ್ಲಿ ಕೋಪವಿರಲಿಲ್ಲ.

“ಅವತ್ತೂ ಹಾಗೇ ಹೇಳಿದ್ದೆಯಲ್ಲೋ” ಎಂದಳು.

ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು, ಒಂದು ಮೊಳ ದೂರದ ತನ್ನ ಜಾಗದಲ್ಲಿ ಕೂತಳು. ನಾನು ಹಜಾರಕ್ಕೆ ಹೋಗಿ ರೇಡಿಯೋ ಹಾಕಿದೆ.