ಸರೋಜತ್ತೆಯ ಕೆಂಪು ದಾರ

ಮೈದಾ ಗೋಂದಿಗೆ ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಕಾಯಿಸಿದರೆ ಒಂದು ವಾಸನೆ ಏಳುತ್ತದೆ; ಅರ್ಧ ಅಡುಗೆಮನೆಯದು, ಅರ್ಧ ಔಷಧಿ ಅಂಗಡಿಯದು. ಹೋದ ತಿಂಗಳು ಬಸವೇಶ್ವರನಗರದ ನಮ್ಮ ಪ್ರಕಾಶನದ ಕಚೇರಿಯ ಹಿತ್ತಲಲ್ಲಿ ವಯಸ್ಸಾದ ಬೈಂಡರ್ ಒಬ್ಬರು ಸ್ಟೌ ಮೇಲೆ ಅದನ್ನು ಕಲಕುತ್ತಿದ್ದರು. ಹೊಸ ಕಾದಂಬರಿಗಳನ್ನು ಓದುಗರಿಗೆ ದಾಟಿಸುವುದು ಅಲ್ಲಿ ನನ್ನ ಕೆಲಸ. ಪತ್ತೇದಾರಿ, ಚಾರಿತ್ರಿಕ, ಪ್ರೇಮದ ಜೊತೆ ಒಂದು ಕೊಲೆಯೂ ಇರುವಂಥದು, ಯಾವುದೇ ಆಗಲಿ, ಬೆನ್ನುಪುಟಕ್ಕೆ ನಾಲ್ಕು ಸಾಲು ಬರೆಯುತ್ತೇನೆ, ಮೊಬೈಲಿಗೆ ಒಂದು ನಿಮಿಷದ ವಿಡಿಯೊ ಮಾಡುತ್ತೇನೆ. ಆ ವಾಸನೆಗೆ ಬಾಗಿಲಲ್ಲೇ ನಿಂತುಬಿಟ್ಟೆ. ರಾಜಾಜಿನಗರದ ನಮ್ಮ ಮನೆಯ ಮುಂದಿನ ಕೋಣೆ ಕಣ್ಣಿಗೆ ಬಂತು. ಕೆಂಪು ಗಾರೆಯ ನೆಲ, ಮೂರು ಗೋಡೆಗೂ ಪುಸ್ತಕ, ನಡುವೆ ಕಾಲು ಚಾಚಿ ಕೂತು ಕಂದು ಕಾಗದದ ರಟ್ಟು ಅಂಟಿಸುತ್ತಿರುವ ಸರೋಜತ್ತೆ. ಈಗ ಅಲ್ಲಿ ನಾಲ್ಕಂತಸ್ತಿನ ಕಟ್ಟಡವಿದೆ. ಆ ಕೋಣೆಯಿದ್ದ ಜಾಗದಲ್ಲಿ ಎರಡು ಕಾರು ನಿಲ್ಲುತ್ತವೆ.

ಸರೋಜತ್ತೆ ನಮ್ಮಪ್ಪನ ಅಕ್ಕ. ಮದುವೆಯಾಗಲಿಲ್ಲ, ಓದಿದಳು. ಓದಿದ್ದನ್ನು ಬೀದಿಗೆಲ್ಲ ಓದಿಸಿದಳು. ಪ್ರತಿ ಗುರುವಾರ ಮಧ್ಯಾಹ್ನ ಮೂರಕ್ಕೆ ಅಕ್ಕಪಕ್ಕದ ಹೆಂಗಸರು ನೆನೆಸಿದ ಅವರೆಕಾಳಿನ ಪಾತ್ರೆ ಹಿಡಿದು ಬರುತ್ತಿದ್ದರು. ಅವರು ಕಾಳು ಹಿಸುಕುತ್ತಿದ್ದರೆ ಅತ್ತೆ ಆ ವಾರದ ಹೊಸ ಪುಸ್ತಕದ ಕಥೆ ಹೇಳುತ್ತಿದ್ದಳು. ಯಾರೋ ಬಾಗಿಲು ತಟ್ಟುವ ಹೊತ್ತಿಗೆ, ಯಾರದೋ ಪತ್ರ ಕೈಗೆ ಸಿಗುವ ಹೊತ್ತಿಗೆ ಸರಿಯಾಗಿ ಬಾಯಿ ಮುಚ್ಚುತ್ತಿದ್ದಳು. "ಅಯ್ಯೋ, ಅಲ್ಲಿಗೇ ನಿಲ್ಲಿಸಿಬಿಟ್ರಾ ಸರೋಜಮ್ಮ? ನಿಮ್ಮ ದೆಸೆಯಿಂದ ಇವತ್ತೂ ಸಾರು ಸೀಯತ್ತೆ ನೋಡಿ" ಎಂದು ಎದುರುಮನೆ ಜಯಮ್ಮ ಬೈಯುತ್ತಲೇ ಪುಸ್ತಕ ಎತ್ತಿಕೊಳ್ಳುತ್ತಿದ್ದರು. ಕೊನೆ ಪುಟವನ್ನು ಮೊದಲೇ ತಿರುವಿ ನೋಡುವವರನ್ನು ಕಂಡರೆ ಅತ್ತೆಗೆ ಆಗುತ್ತಿರಲಿಲ್ಲ. ಹಾಗಾಗಿ ಪ್ರತಿ ಹೊಸ ಪುಸ್ತಕದ ಕೊನೆಯ ಅಧ್ಯಾಯದ ಹಾಳೆಗಳನ್ನೆಲ್ಲ ಒಟ್ಟಿಗೆ ಹಿಡಿದು ಅಂಚಿಗೆ ಕೆಂಪು ದಾರದಲ್ಲಿ ನಾಲ್ಕು ಹೊಲಿಗೆ ಹಾಕುತ್ತಿದ್ದಳು. ಅಲ್ಲಿಯವರೆಗೆ ಓದಿದವರು ಮಾತ್ರ ದಾರ ಕೀಳಬೇಕು. ಪುಸ್ತಕ ಹಿಂದೆ ಬಂದ ಮೇಲೆ ಮುಂದಿನವರಿಗಾಗಿ ಮತ್ತೆ ಹೊಲಿಯುತ್ತಿದ್ದಳು.

ಒಂದು ಚಳಿಗಾಲದಲ್ಲಿ ಅಂಗಡಿಯಿಂದ ತರಿಸುತ್ತಿದ್ದ ಹೊಸ ಪುಸ್ತಕಗಳ ಕಟ್ಟು ವಾರಗಟ್ಟಲೆ ಬರಲಿಲ್ಲ. ಗುರುವಾರ ಬಂದವರನ್ನು ಬರಿಗೈಯಲ್ಲಿ ಕಳಿಸಲಾರದೆ ಅತ್ತೆ, "ಒಂದು ಹೊಸ ಕಾದಂಬರಿ ಅಚ್ಚಾಗ್ತಾ ಇದೆ, ಅದರ ಕಥೆ ಕೇಳಿ" ಎಂದು ಶುರುಮಾಡಿದಳು. ರಾಜರ ಕಾಲ, ಮಾಗಡಿ ರಸ್ತೆಯ ಸುಂಕದಕಟ್ಟೆ. ಸುಂಕದವನ ಮಗಳು. ಪ್ರತಿ ಹುಣ್ಣಿಮೆಗೆ ಬೀಗ ಹಾಕಿದ ಪೆಟ್ಟಿಗೆ ಹೇರಿಕೊಂಡು ಕಟ್ಟೆ ದಾಟುವ ಒಬ್ಬ ಗಾಡಿಯವನು. ಒಂದು ಹುಣ್ಣಿಮೆಗೆ ಗಾಡಿ ಬಂತು, ಪೆಟ್ಟಿಗೆ ಬಂತು, ಅವನು ಬರಲಿಲ್ಲ. ಹೊಸ ಕಟ್ಟು ಬಂದ ಮೇಲೆ, ಮಿಕ್ಕಿದ್ದನ್ನು ಪುಸ್ತಕದಲ್ಲೇ ಓದಿ ಎಂದು ಅತ್ತೆ ಆ ಕಥೆಯನ್ನು ಅರ್ಧಕ್ಕೇ ಬಿಟ್ಟಳು. ಅಂಥ ಪುಸ್ತಕವೇ ಇರಲಿಲ್ಲ, ಅದು ಅತ್ತೆಯ ಸ್ವಂತದ್ದು. ಗೊತ್ತಿದ್ದದ್ದು ನನಗೊಬ್ಬಳಿಗೆ, ಏಕೆಂದರೆ ಆ ಹುಡುಗಿಯ ಮೂಗುಬೊಟ್ಟಿನಲ್ಲಿ ಎಡಗಡೆಯ ಒಂದು ಹರಳು ಬಿದ್ದುಹೋಗಿತ್ತು. ಅದು ನಮ್ಮಜ್ಜಿಯ ಮೂಗುಬೊಟ್ಟು.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನೇ ಪೂರಾ ನಂಬುವುದಿಲ್ಲ. ನನಗಾಗ ಹತ್ತು ವರ್ಷವೋ ಹನ್ನೊಂದೋ. ಕೇಳಿದ್ದನ್ನು ಪ್ರತಿ ಗುರುವಾರ ಸಂಜೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಅದರ ರಟ್ಟು ನೀಲಿ ಎಂದು ಬಹಳ ಕಾಲ ಹೇಳಿಕೊಂಡು ಬಂದಿದ್ದೇನೆ, ಹಸಿರೂ ಇದ್ದಿರಬಹುದು. ಆದರೆ ಅದನ್ನು ಯಾರ ಕೈಗೆ ಕೊಟ್ಟೆ ಎನ್ನುವುದರಲ್ಲಿ ಅನುಮಾನವಿಲ್ಲ. ನಮ್ಮ ಮಹಡಿಯ ಮೇಲೆ ಬಾಡಿಗೆಗಿದ್ದ ಕನ್ನಡ ಮೇಷ್ಟ್ರಿಗೆ, ತಪ್ಪು ತಿದ್ದಿಕೊಡಿ ಎಂದು, ನಾನೇ ಮೆಟ್ಟಿಲು ಹತ್ತಿ ಹೋಗಿ ಕೊಟ್ಟೆ. ಯಾವಾಗ ಕೇಳಿದರೂ "ಇನ್ನೂ ತಿದ್ದೋದಿದೆ ಕಣಮ್ಮ" ಎನ್ನುತ್ತಿದ್ದರು. ಯುಗಾದಿಗೆ ಮುಂಚೆ ಅವರು ಮನೆ ಖಾಲಿ ಮಾಡಿದರು. ನೋಟ್‌ಬುಕ್ಕೂ ಹೋಯಿತು. ಮರುವರ್ಷ ಅದೇ ಕಥೆ ಅವರ ಹೆಸರಿನಲ್ಲಿ ಪುಸ್ತಕವಾಗಿ ಬಂತು. ಸುಂಕದಕಟ್ಟೆ, ಪೆಟ್ಟಿಗೆ, ಹರಳಿಲ್ಲದ ಮೂಗುಬೊಟ್ಟು, ಎಲ್ಲವೂ ಇತ್ತು.

ಪುಸ್ತಕವನ್ನು ಮೊದಲು ತಂದವರು ಜಯಮ್ಮ. "ಬಂತಲ್ಲ ಸರೋಜಮ್ಮ ನಿಮ್ಮ ಹೊಸ ಕಾದಂಬರಿ! ಮೇಲ್ಗಡೆ ಮೇಷ್ಟ್ರೇ ಬರೀತಿದ್ರಾ? ಒಂದು ಮಾತು ಹೇಳಲೇ ಇಲ್ಲ ನೋಡಿ ನೀವು, ಭಾರಿ ಕಳ್ಳಿ" ಎಂದು ನಕ್ಕರು. ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ಆ ಕಥೆ ನನ್ನದು ಎಂದು ಅವಳು ಹೇಳಬೇಕಾದರೆ ಅಷ್ಟು ಗುರುವಾರ ಇಲ್ಲದ ಪುಸ್ತಕವನ್ನು ಇದೆ ಎಂದು ನಂಬಿಸಿದ್ದೆ ಎಂದೂ ಒಪ್ಪಿಕೊಳ್ಳಬೇಕಿತ್ತು. ಇನ್ನು ಮುಂದೆ ಅವಳು ಒಳ್ಳೆಯದು ಎಂದ ಯಾವ ಪುಸ್ತಕವನ್ನು ಅವರು ನಂಬುತ್ತಿದ್ದರು? ಅತ್ತೆ ಒಂದು ಪ್ರತಿ ತರಿಸಿ ಕಂದು ಕಾಗದದ ರಟ್ಟು ಹಾಕಿದಳು. ಕೊನೆಯ ಅಧ್ಯಾಯವನ್ನು ಓದದೆ ಹೊಲಿದು ಕಪಾಟಿನಲ್ಲಿ ಇಟ್ಟಳು. ನನ್ನ ನೋಟ್‌ಬುಕ್ಕಿನ ವಿಷಯ ಕೊನೆಯವರೆಗೂ ಕೇಳಲಿಲ್ಲ. ಕೇಳಿ ಬೈದಿದ್ದರೆ ನನಗೆ ಇಷ್ಟು ವರ್ಷ ಈ ಉರಿ ಇರುತ್ತಿರಲಿಲ್ಲವೇನೋ. ಗುರುವಾರಗಳು ಆಮೇಲೆ ಒಂದೊಂದಾಗಿ ನಿಂತವು.

ಗೋಂದಿನ ವಾಸನೆ ಬಂದ ದಿನವೇ ನಮ್ಮ ಸಂಪಾದಕಿ ಆ ತಿಂಗಳ ಮೂರು ಪುಸ್ತಕಗಳನ್ನು ನನ್ನ ಮೇಜಿನ ಮೇಲಿಟ್ಟಳು. ಮೂರನೆಯದು ಮೇಷ್ಟ್ರ ಅದೇ ಪುಸ್ತಕ. ಹೊಸ ಮುಖಪುಟ, ಹೊಸ ಆವೃತ್ತಿ. "ಇದಕ್ಕೆ ಏನಾದ್ರೂ ಡಿಫರೆಂಟಾಗಿ ಮಾಡೋಣ ಕಣೇ. ಆಥರ್ ಕೂಡ ಬರ್ತಾರಂತೆ" ಎಂದಳು. ಕೊನೆಯನ್ನು ವಿಡಿಯೊದಲ್ಲೇ ಬಯಲು ಮಾಡಿ ಪುಸ್ತಕವನ್ನು ಕೊಂದುಬಿಡೋಣ ಎಂದು ಮೊದಲು ಅನಿಸಿತು. ಆ ರಾತ್ರಿ ಮೊದಲ ಸಲ ಕೊನೆಯ ಅಧ್ಯಾಯ ಓದಿದೆ. ಸುಂಕದವನ ಮಗಳನ್ನು ಬಾವಿಗೆ ಬೀಳಿಸಿ ಮೇಷ್ಟ್ರು ಕೈತೊಳೆದುಕೊಂಡಿದ್ದರು. ಪೆಟ್ಟಿಗೆಯಲ್ಲಿ ಏನಿತ್ತು ಎನ್ನುವುದನ್ನು ಹೇಳಿಯೇ ಇರಲಿಲ್ಲ. ಅವರಿಗೆ ಗೊತ್ತಿರಲಿಲ್ಲ. ನನ್ನ ನೋಟ್‌ಬುಕ್ ಪೆಟ್ಟಿಗೆ ತೆರೆಯುವ ಮೊದಲೇ ಮುಗಿದಿತ್ತು. ಮರುದಿನ ಕೆಂಪು ದಾರದ ಉಂಡೆ ಕೊಂಡು ತಂದು, ಬಿಡುಗಡೆಗೆಂದು ತರಿಸಿದ್ದ ಪ್ರತಿಗಳ ಕೊನೆಯ ಅಧ್ಯಾಯಗಳನ್ನೆಲ್ಲ ಕೂತು ಹೊಲಿದೆ. ಸಂಪಾದಕಿ ಕುಣಿದಾಡಿದಳು.

ವಿಜಯನಗರದ ಪುಟ್ಟ ಸಭಾಂಗಣದಲ್ಲಿ ನಾನು ಮೈಕಿನ ಮುಂದೆ ಅತ್ತೆಯ ಧಾಟಿಯಲ್ಲೇ ಕಥೆ ಹೇಳಿದೆ. ಗಾಡಿ ಬಂತು, ಪೆಟ್ಟಿಗೆ ಬಂತು, ಅವನು ಬರಲಿಲ್ಲ. ಅಲ್ಲಿಗೆ ಬಾಯಿ ಮುಚ್ಚಿದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ "ಅಯ್ಯೋ!" ಎಂದಳು. ಮುಂದಿನ ಕುರ್ಚಿಯಲ್ಲಿ ಶಾಲು ಹೊದ್ದ ಮೇಷ್ಟ್ರು. ತಲೆಯೆಲ್ಲ ಬೆಳ್ಳಗಾಗಿತ್ತು. ಜನ ಚದುರಿದ ಮೇಲೆ ಪುಸ್ತಕದ ಅಂಚನ್ನು ಸವರುತ್ತ, "ಈ ದಾರದ ಐಡಿಯಾ ಚೆನ್ನಾಗಿದೆಯಮ್ಮ. ಯಾರದು?" ಎಂದರು.

"ಕಥೆ ಯಾರದೋ ಅವರದೇ ಸಾರ್."

ಸವರುತ್ತಿದ್ದ ಬೆರಳು ನಿಂತಿತು. ನನ್ನ ಮುಖ ನೋಡಿ ಗುರುತು ಹಿಡಿದರು. ಕ್ಷಮೆ ಕೇಳುತ್ತಾರೆ, ಇಲ್ಲವೇ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಎರಡಕ್ಕೂ ಉತ್ತರ ಹೊಂದಿಸಿಕೊಂಡು ಬಂದಿದ್ದೆ. ಅವರು ಸುತ್ತ ನೋಡಿ ದನಿ ತಗ್ಗಿಸಿ ಕೇಳಿದ್ದು ಬೇರೆ. "ಪೆಟ್ಟಿಗೇಲಿ ಏನಿತ್ತಮ್ಮ? ಸರೋಜಮ್ಮ ನಿನಗೆ ಹೇಳಿದ್ರಾ? ಇಷ್ಟು ವರ್ಷ ಆಯ್ತು, ನನಗೆ ಹೊಳೀಲೇ ಇಲ್ಲ."

"ಹೇಳಿದ್ರು ಸಾರ್" ಎಂದೆ. ಅವರು ಕಾದರು. ನಾನು ಅವರ ಕೈಯಿಂದ ಪುಸ್ತಕ ತೆಗೆದುಕೊಂಡು ಕಟ್ಟಿನೊಳಗೆ ಇಟ್ಟೆ.

ಅತ್ತಿಗುಪ್ಪೆಗೆ ನಡೆದು ಬಂದು ಮೆಟ್ರೊ ಹತ್ತಿದೆ. ಬೆರಳಿಗೆ ಕೆಂಪು ದಾರದ ಬಣ್ಣ ಹತ್ತಿತ್ತು. ಕಿಟಕಿಯಾಚೆ ತಾರಸಿಗಳು, ನೀರಿನ ಟ್ಯಾಂಕುಗಳು ಸರಿದು ಹೋಗುತ್ತಿದ್ದವು. ಅವರೆಕಾಳಿನ ಪಾತ್ರೆಗಳು, ಒದ್ದೆ ಬೆರಳುಗಳು, ಸಾರು ಸೀಯುತ್ತದೆ ಎಂದು ಎದ್ದವರು ಮತ್ತೆ ಕೂತದ್ದು, ಒಂದೊಂದನ್ನೂ ನೆನಪಿನಲ್ಲೇ ಮುಟ್ಟಿ ನೋಡುತ್ತ ಆ ಕಥೆಯ ಕೊನೆಯ ಗುರುವಾರದವರೆಗೆ ಹೋದೆ. ಅತ್ತೆ ಅವತ್ತೂ ಸುಂಕದವನ ಮಗಳು ಪೆಟ್ಟಿಗೆಯ ಬೀಗದ ಮೇಲೆ ಕೈಯಿಟ್ಟಲ್ಲಿಗೆ ನಿಲ್ಲಿಸಿದ್ದಳು. ನನಗೂ ಅವಳು ಹೇಳಿರಲಿಲ್ಲ.