ಟಿ.ವಿ.ಯ ಹಿಂದಿನ ಚಾಚಾ

ಚಾಚಾ ಅಂದರೆ ನನಗೆ ಮೊದಲು ನೆನಪಾಗುವುದು ಬೆವರಿಗೆ ಅಂಟಿಕೊಂಡ ನೀಲಿ ಅಂಗಿಯ ಬೆನ್ನು. ಗಂಗಾವತಿಯ ನಮ್ಮ ಓಣಿಯಲ್ಲಿ ಯಾರ ಟಿ.ವಿ. ಕೆಟ್ಟರೂ ಬರುತ್ತಿದ್ದ ಮೆಕ್ಯಾನಿಕ್ ಅವರು. ಗೋಡೆಗೂ ಟಿ.ವಿ.ಗೂ ನಡುವೆ ತೂರಿಕೊಂಡರೆಂದರೆ ಪರದೆ ಅವರಿಗೆ ಕಾಣುತ್ತಿರಲಿಲ್ಲ. ಒಂದೊಂದು ವೈರು ಸಿಕ್ಕಿಸಿದಾಗಲೂ ಅಲ್ಲಿಂದಲೇ ಕೂಗುವರು, "ಬಂತೇನ್ರಿ?" ಚಿತ್ರ ಮೂಡಿದ ಕೂಡಲೇ ನಾವು "ಬಂತ್ರಿ" ಅನ್ನಬೇಕು. ಸುಮ್ಮನಿದ್ದರೆ ಮತ್ತೆ ಮತ್ತೆ ಕೇಳುವರು.

ನಮ್ಮ ಹಳೆಯ ಟಿ.ವಿ.ಗೆ ಕೆಂಪು, ಬಿಳಿ, ಹಳದಿ ವೈರು ಸಿಕ್ಕಿಸಲು ಇದ್ದದ್ದು ಒಂದೇ ಸಾಲು ತೂತು. ಅತ್ತೆಗೆ ಬೆಳಿಗ್ಗೆ ಡಿವಿಡಿಯ ಪ್ರವಚನ ಬೇಕು, ಸಂಜೆ ಸೆಟ್‌ಟಾಪ್ ಬಾಕ್ಸಿನ ಧಾರಾವಾಹಿ ಬೇಕು. ಕಿತ್ತು ಸಿಕ್ಕಿಸಿ ನನಗೆ ಸಾಕಾಗಿತ್ತು. ಚಾಚಾ ಮೂರು ಗುಂಡಿಯ ಸ್ವಿಚ್ ಡಬ್ಬಿ ತಂದು ಕೂಡಿಸಿದರು. ಒಂದೊಂದು ಗುಂಡಿಗೆ ಒಂದೊಂದು ಸಾಲು ತೂತು; ಡಿವಿಡಿಗೂ ಸೆಟ್‌ಟಾಪ್ ಬಾಕ್ಸಿಗೂ ಎರಡು ಸಾಲು ತುಂಬಿದವು. ಆ ವೈರುಗಳಿಗೆ ಗುರುತಿಗೆಂದು ಬಣ್ಣದ ದಾರ ಕಟ್ಟಿದರು. ಮೂರನೆಯ ಸಾಲು ಖಾಲಿ ಉಳಿಯಿತು.

"ಇದು ಯಾಕ್ರಿ ಚಾಚಾ?"

"ಇರ್ಲಿ ಬಿಡ್ರಿ ಅಕ್ಕೋರ. ಮುಂದ ಯಾವ್ದರ ಬರತೈತಿ."

ಮಹಾನವಮಿಗೆ ಮನೆ ತೊಳೆಯುವಾಗ ಅತ್ತೆ ಆ ದಾರಗಳನ್ನು ಹೊಲಸೆಂದು ಕತ್ತರಿಸಿ, ವೈರುಗಳನ್ನೆಲ್ಲ ಕಿತ್ತು ಒರೆಸಿಟ್ಟರು. ಸಂಜೆ ಧಾರಾವಾಹಿ ಇಲ್ಲ, ಬರೀ ಗುಂಯ್ ಎಂಬ ಸದ್ದು. ಚಾಚಾ ಬಂದು ನೋಡಿ, "ಯವ್ವಾ, ವೈರಿಗೂ ಹಬ್ಬದ ಜಳಕ ಮಾಡ್ಸೀರೇನ?" ಎಂದು ನಕ್ಕರು. ಆದರೆ ಈ ಸಲ ನನ್ನನ್ನೇ ಟಿ.ವಿ.ಯ ಹಿಂದಕ್ಕೆ ಕಳಿಸಿದರು. "ಹಳದಿ ಚಿತ್ರಕ್ಕ, ಉಳಿದ ಎರಡು ದನಿಗೆ. ನಾ ಇಲ್ದಾಗ ನೀವ ಮಾಡ್ಕೋಬೇಕ್ರಿ."

ಆಮೇಲೊಂದು ದಿನ ಸಿದ್ದಾಪುರಕ್ಕೆ ಯಾರದೋ ಟಿ.ವಿ. ರಿಪೇರಿಗೆ ಹೊರಟ ಚಾಚಾ ಬಸ್ಸಿನಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಸುದ್ದಿ ಬಂದಾಗ ರೊಟ್ಟಿ ಬಡಿಯುತ್ತಿದ್ದೆ. ಉಳಿದ ಹಿಟ್ಟನ್ನೂ ಬಡಿದು ಮುಗಿಸಿದೆ. ಅಳು ಬರಲಿಲ್ಲ. ಯಾಕೆ ಬರಲಿಲ್ಲವೋ ಇವತ್ತಿಗೂ ಗೊತ್ತಿಲ್ಲ.

ಗಂಡ ಸತ್ತ ಹೆಂಗಸು ಮನೆಯೊಳಗೇ ಕಳೆಯುವ ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಮುಗಿಸಿ, ಚಾಚಾರ ಹೆಂಡತಿ ಚಾಚಿ ನೆಟ್ಟಗೆ ನಮ್ಮ ಮನೆಗೆ ಬಂದರು. ಕೈಯಲ್ಲಿ ಕ್ಯಾಸೆಟ್ ಹಾಕುವ ಹಳೆಯ ವಿಡಿಯೊ ಕ್ಯಾಮೆರಾ.

"ಮಗಳ ಶಾದಿದು ಐತ್ರಿ. ನಮ್ಮ ಹೊಸಾ ಟಿ.ವಿ.ಗೆ ಈ ವೈರ್ ಕೂಡೂದಿಲ್ಲ. ಫೋಟೋ ಭಾಳ ಅದಾವ್ರಿ, ಅವ್ರ ದನಿ ಇದ್ರಾಗಷ್ಟ ಐತಿ."

ನಾನು ಟಿ.ವಿ.ಯ ಹಿಂದೆ ತೂರಿದೆ. ಖಾಲಿ ಇದ್ದ ಮೂರನೆಯ ಸಾಲಿಗೆ ಹಳದಿ, ಬಿಳಿ, ಕೆಂಪು ಸಿಕ್ಕಿಸಿ, "ಬಂತೇನ್ರಿ?" ಅಂದೆ. ಇಣುಕಿ ನೋಡಿದೆ.

ಪರದೆಯ ಮೇಲೆ ಮದುವೆಯ ಹಾಲ್, ಹೆಂಗಸರ ಕಡೆ. ಗಂಡಸರ ಕಡೆ ನಡೆಯುವ ನಿಕಾಹ್ ಅವರಿಗೂ ಕಾಣಲೆಂದು ಅಲ್ಲೊಂದು ಟಿ.ವಿ. ಇಟ್ಟಿದ್ದರು. ಅದರ ಹಿಂದೆ, ಸ್ವಂತ ಮಗಳ ಶಾದಿಯಲ್ಲೂ, ಬಗ್ಗಿದ ಅದೇ ಬೆನ್ನು. ಅಲ್ಲಿಂದ ಚಾಚಾ ಅದೇ ಪ್ರಶ್ನೆಯನ್ನು ತಮ್ಮ ಮನೆಮಾತಿನಲ್ಲಿ ಕೂಗುತ್ತಿದ್ದರು, "ಆಯಾ ಕ್ಯಾ?" ಗದ್ದಲದಲ್ಲಿ ಯಾರೂ ಉತ್ತರ ಕೊಡಲಿಲ್ಲ. ಮತ್ತೆ ಕೇಳಿದರು, "ಆಯಾ ಕ್ಯಾ?"

"ಅವತ್ತ ನಾ ಅಲ್ಲೇ ಇದ್ದೆ. ಕೇಳಿಸ್ಲೇ ಇಲ್ರಿ ನನಗ," ಅಂದರು ಚಾಚಿ.

ಮೂರನೆಯ ಸಲ ದನಿ ಬಂತು. ಚಾಚಿ ಸೆರಗು ಸರಿಮಾಡಿಕೊಂಡು ಪರದೆಯ ಹತ್ತಿರ ಬಗ್ಗಿದರು.

"ಆಯಾ ಜೀ," ಅಂದರು. "ಆಯಾ."